ಗ್ರೆಗರಿಯ ಕಿವಿಗೊಂದು ಬೆಟ್ಟದೂರು

ಅಟ್ಟದಲ್ಲಿದ್ದ ನನ್ನ ಬ್ಯಾಕ್‌ಪ್ಯಾಕ್ ಮೊನ್ನೆ ದೊಪ್ಪೆಂದು ಕೆಳಗೆ ಬಿತ್ತು. ಗುಜರಿಯವನಿಗೆ ಕೊಡಲು ಹಳೆಯ ಸಾಮಾನು ಹುಡುಕುತ್ತಿದ್ದ ನನ್ನ ಹೆಂಡತಿ ಅದರ ಬಾಲ ಹಿಡಿದು ಎಳೆದಿದ್ದಳು. ಬಾಲ ಎಂದೆ, ಅದು ಬಾಲವೋ ಪಟ್ಟಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಎದೆಗೊಂದು, ಸೊಂಟಕ್ಕೊಂದು ಪಟ್ಟಿ ಸಾಲದೆಂದು, ಎಲ್ಲಿ ಸಿಕ್ಕಿಸಬೇಕೆಂದು ಮಾಡಿದವನಿಗೂ ತಿಳಿಯದ ಹಲವು ಪಟ್ಟಿಗಳು ಅದರ ಸುತ್ತ ಜೋತಾಡುತ್ತವೆ. ಬಾಯಿ ತೆರೆದರೆ ಬೂಷ್ಟಿನ ವಾಸನೆ. ಮಂಗಳೂರಿನಲ್ಲಿ ಒಂದು ಮಳೆಗಾಲ ದಾಟಿದ ಚೀಲಕ್ಕೆ ಬೇರೆ ಯಾವ ವಾಸನೆ ಬಂದೀತು?

"ಇದನ್ನು ಕೊಡುದಾ?" ಎಂದು ಕೇಳಿದಳು.

"ಕೊಡು. ಅವನು ಬೇಡ ಅಂದ್ರೂ ಕೊಡು," ಎಂದೆ.

ನೀವು ಬ್ಯಾಕ್‌ಪ್ಯಾಕ್ ಹೊತ್ತು ಊರೂರು ತಿರುಗಿದವರೋ ಅಲ್ಲವೋ ನಾನರಿಯೆ. ತಿರುಗಿದವರಾದರೆ ಬೇಸರ ಮಾಡಿಕೊಳ್ಳಬೇಡಿ. ಅಥವಾ ಮಾಡಿಕೊಳ್ಳಿ, ನನಗೇನು. ನಮ್ಮ ಕಾಲದಲ್ಲಿ ಮೂಟೆ ಹೊರುವವನಿಗೆ ಕೂಲಿ ಕೊಡುತ್ತಿದ್ದರು. ಈಗ ಮೂಟೆ ಹೊರುವುದಕ್ಕಾಗಿಯೇ ಜನ ರಜೆ ಹಾಕಿ, ಟಿಕೆಟು ತೆಗೆದು, ಬೆಟ್ಟ ಹತ್ತುತ್ತಾರೆ. ಹತ್ತಿದ ಮೇಲೆ "ನನ್ನನ್ನು ನಾನು ಕಂಡುಕೊಂಡೆ" ಎನ್ನುತ್ತಾರೆ. ಕೆಳಗಿದ್ದಾಗ ಮನೆಯಲ್ಲಿ ಕನ್ನಡಿ ಇರಲಿಲ್ಲವೇ ಎಂದು ಕೇಳುವ ಮನಸ್ಸಾಗುತ್ತದೆ.

ಇಷ್ಟೆಲ್ಲ ಹೇಳುವ ನಾನೂ ಹೋದ ವರ್ಷ ಆ ಮೂಟೆ ಹೊತ್ತೆ, ಅದೂ ಅರುವತ್ತು ದಾಟಿದ ಮೇಲೆ. ಹೊರಿಸಿದವನು ಗ್ರೆಗರಿ.

ಗ್ರೆಗರಿ ನನ್ನ ಬಾಲ್ಯದ ಗೆಳೆಯ. ನಾನು ಈಗ ಮಂಗಳೂರಿನ ದೇರೆಬೈಲಿನಲ್ಲಿ ಮನೆ ಕಟ್ಟಿಕೊಂಡು ದೊಡ್ಡ ಮನುಷ್ಯನಂತೆ ಓಡಾಡಿದರೂ ಬೆಳೆದದ್ದು ಜೆಪ್ಪುವಿನಲ್ಲಿ, ಅವನ ಮನೆಯ ಪಾಗಾರದ ಗೋಡೆಗೆ ತಾಗಿದ ಬಾಡಿಗೆ ಮನೆಯಲ್ಲಿ. ಮುಂದೆ ನಾನು ಕಾಲೇಜಿನಲ್ಲಿ ಮಾಷ್ಟ್ರಾದೆ. ಅವನು ಗಲ್ಫಿಗೆ ಹೋಗಿ ಜನರೇಟರ್ ಕೋಣೆಯ ಮೆಕ್ಯಾನಿಕ್ ಆದ. ನಾನು ವರ್ಷಗಟ್ಟಲೆ "ಸೈಲೆನ್ಸ್!" ಎಂದು ಕಿರುಚುತ್ತಾ ಕಳೆದೆ. ಅವನು ಅಷ್ಟೇ ವರ್ಷಗಳನ್ನು, ಯಾರು ಕಿರುಚಿದರೂ ಕೇಳಿಸದ ಕೋಣೆಯಲ್ಲಿ ಕಳೆದ. ಕೊನೆಗೆ ನನಗೆ ಪಿಂಚಣಿ ಬಂತು, ಅವನಿಗೆ ಕಿವಿಯೊಳಗೆ ಜೀರುಂಡೆ ಬಂತು. ಹಗಲೂ ರಾತ್ರಿಯೂ ಒಂದೇ ಸಮನೆ ಕಿರ್ರೆನ್ನುವ ಸದ್ದು. ಇದಕ್ಕೆ ಮದ್ದಿಲ್ಲ, ಅಭ್ಯಾಸ ಮಾಡಿಕೊಳ್ಳಿ ಎಂದರು ಡಾಕ್ಟರು. ಅವರ ಕಿವಿಯಲ್ಲಿ ಜೀರುಂಡೆ ಇರಲಿಲ್ಲವಲ್ಲ.

ಹಾಗಿರುವಾಗ ಗ್ರೆಗರಿ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ಘಟ್ಟದ ಮೇಲೊಂದು ಪುಟ್ಟ ಊರಂತೆ. ಅಲ್ಲಿ ಸದ್ದೇ ಇಲ್ಲವಂತೆ. ಎಲೆ ಬಿದ್ದರೆ ಕೇಳಿಸುತ್ತದಂತೆ. ಗದ್ದಲದಲ್ಲಿ ಕೆಟ್ಟ ಕಿವಿ ಮೌನದಲ್ಲಿ ಸರಿಯಾಗಬೇಕು ಎಂದು ಅವನೇ ಲೆಕ್ಕ ಹಾಕಿದ. ಮೆಕ್ಯಾನಿಕ್ ನೋಡಿ, ಬಿಸಿಯಾದ ಎಂಜಿನ್ನನ್ನು ಆಫ್ ಮಾಡಿ ತಣ್ಣಗಾಗಲು ಬಿಟ್ಟು ಅಭ್ಯಾಸವಾದವನು. ಜೆಪ್ಪುವಿನ ಮನೆ ಮಾರಿ ಅಲ್ಲೇ ಒಂದು ತುಂಡು ಜಾಗ ಕೊಳ್ಳುವುದೆಂದೂ, ಮೊದಲು ಹೋಗಿ ಎರಡು ದಿನ ಇದ್ದು ನೋಡುವುದೆಂದೂ ನಿಶ್ಚಯವಾಯಿತು. ಅಲ್ಲಿಗೆ ಹೋಗುವವರೆಲ್ಲ ಇದನ್ನೇ ಹೊತ್ತು ಹೋಗುವುದು ಎಂದು ಎರಡು ಬ್ಯಾಕ್‌ಪ್ಯಾಕುಗಳನ್ನೂ ಅವನೇ ತಂದ.

ನಾನು ನಕ್ಕುಬಿಟ್ಟೆ. ಆದರೆ ಅವನ ಹೆಂಡತಿ ಲೀನಾಬಾಯಿ ನನ್ನನ್ನು ಅಡುಗೆಮನೆಗೆ ಕರೆದು, "ಮಾಷ್ಟ್ರೆ, ನೀವೂ ಒಟ್ಟಿಗೆ ಹೋಗಿ. ರಾತ್ರಿ ಇಡೀ ಎದ್ದು ಕೂತ್ಕೊಳ್ತಾರೆ, ನೋಡ್ಲಿಕ್ಕೆ ಆಗುದಿಲ್ಲ. ಅಲ್ಲಿ ಅವರಿಗೆ ನಿದ್ರೆ ಬರ್ತದೆ ಅಂತಾದ್ರೆ ಈ ಮನೆ ನನಗೆ ಬೇಡ," ಎಂದರು. ಅವರು ಮದುವೆಯಾಗಿ ಬಂದು ಹೊಕ್ಕ ಮನೆ ಅದು. ನಾನು ನಗು ನಿಲ್ಲಿಸಿದೆ.

ಆ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಹೊರಡುತ್ತೀರಿ. ಊರೆಂದರೆ ಒಂದು ರಸ್ತೆ, ಸಾಲು ಸಿಲ್ವರ್ ಮರ, ಮಂಜು ಮತ್ತು ಬೋರ್ಡುಗಳು. "ಮೌನವನ್ನು ಆಲಿಸಿ" ಎಂದು ಒಂದು. "ಇಲ್ಲಿ ಹಾರ್ನ್ ಮಾಡಿದರೆ ಬೆಟ್ಟಕ್ಕೆ ನೋವಾಗುತ್ತದೆ" ಎಂದು ಇನ್ನೊಂದು. ಬೆಟ್ಟವನ್ನು ಅರ್ಧ ಕಡಿದು ರೆಸಾರ್ಟ್ ಎಬ್ಬಿಸುವಾಗ ಅದಕ್ಕೆ ನೋವಾಗಲಿಲ್ಲ, ಹಾರ್ನಿಗೆ ಆಗುತ್ತದೆ. ಚಹಾದ ಅಂಗಡಿ ಕೂಡ ಚಹಾದ ಅಂಗಡಿಯಲ್ಲ, ಕೆಫೆ. ಅಲ್ಲಿ ಮಣ್ಣಿನ ಕುಡಿಕೆಯಲ್ಲಿ ನಾಲ್ಕು ಗುಟುಕು ಚಹಾ ಕೊಟ್ಟು, ನಿಧಾನವಾಗಿ ಅನುಭವಿಸಿ ಎಂದು ಬೇರೆ ಹೇಳುತ್ತಾರೆ. ನಿಧಾನ ಮಾಡಲು ಅದರಲ್ಲಿ ಇರಬೇಕಲ್ಲ. ಸುತ್ತ ಬ್ಯಾಕ್‌ಪ್ಯಾಕಿನ ಹುಡುಗ ಹುಡುಗಿಯರು. ಒಬ್ಬಳು ಮೊಬೈಲನ್ನು ಮರಕ್ಕೆ ಒರಗಿಸಿ ಅದರ ಮುಂದೆ ಕಣ್ಣು ಮುಚ್ಚಿ ಕೂತಳು, ಎದ್ದು ಹೋಗಿ ನೋಡಿದಳು, ಚೆನ್ನಾಗಿ ಬಂದಿಲ್ಲವೆಂದು ಮತ್ತೆ ಬಂದು ಕಣ್ಣು ಮುಚ್ಚಿದಳು. ಧ್ಯಾನಕ್ಕೂ ರೀಟೇಕ್ ಉಂಟೆಂದು ನನಗೆ ಗೊತ್ತಾದದ್ದು ಅಲ್ಲಿ.

ನಾವಿಳಿದ ಹೋಂಸ್ಟೇಯ ಯಜಮಾನ ಪಿಸುಗುಟ್ಟಿಯೇ ಮಾತಾಡುವ ಮನುಷ್ಯ. ಮಗು ಮಲಗಿದ ಮನೆಗೆ ಬಂದ ಹಾಗಿತ್ತು. ಸಂಜೆ ಏಳರ ನಂತರ ಯಾರೂ ಮಾತಾಡಬಾರದು ಎಂಬುದು ಅಲ್ಲಿಯ ನಿಯಮ. ಒಪ್ಪಿಕೊಳ್ಳುತ್ತೇನೆ, ಆ ನಿಯಮ ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ಮದುವೆ ಹಾಲಿನ ಡಿಜೆಯಿಂದ ಹಿಡಿದು ನೆರೆಮನೆಯ ಮಿಕ್ಸಿಯವರೆಗೆ ಎಲ್ಲದರ ಮೇಲೆ ದೂರು ಕೊಟ್ಟು ಹೆಸರು ಕೆಡಿಸಿಕೊಂಡವನು ನಾನು. ಹೆಗಲು ಕಿತ್ತುಬರುತ್ತಿದ್ದರೂ, ಈ ಗ್ರೆಗರಿ ತಪ್ಪಿ ಒಂದು ಒಳ್ಳೆಯ ಜಾಗ ಹುಡುಕಿದನಲ್ಲ ಎಂದುಕೊಂಡೆ.

ಗ್ರೆಗರಿ ಮಾತ್ರ ಮಂಕಾಗಿದ್ದ. ಮಧ್ಯಾಹ್ನ ಬೆಟ್ಟದ ಅಂಚಿನ ಬೆಂಚಿನಲ್ಲಿ ಕೂತು ಕಿವಿಗೆ ಅಂಗೈ ಒತ್ತುವುದು, ತೆಗೆಯುವುದು ಮಾಡುತ್ತಿದ್ದ.

"ಎಂತ ಮಾರಾಯ, ಕಡಿಮೆ ಉಂಟಾ?" ಎಂದು ಕೇಳಿದೆ.

"ಈಗ ತಾನೇ ಬಂದದ್ದಲ್ವಾ. ಸ್ವಲ್ಪ ಟೈಮ್ ಬೇಕು," ಎಂದ. ಮುಖ ಮಾತ್ರ ನನ್ನ ಕಡೆ ತಿರುಗಿಸಲಿಲ್ಲ.

ಸಂಜೆ ಏಳಾಯಿತು. ಕೊಂಕಣಿ ಕ್ರೈಸ್ತರ ಮನೆಯಲ್ಲಿ ಅದು ತೇರ್ಸಿನ ಹೊತ್ತು. ಜಪಮಾಲೆ ಹಿಡಿದು ಮನೆಯವರೆಲ್ಲ ಗಟ್ಟಿಯಾಗಿ ಹೇಳುವ ಪ್ರಾರ್ಥನೆ ಅದು; ಒಬ್ಬರು ಅರ್ಧ ಹೇಳಬೇಕು, ಉಳಿದ ಅರ್ಧವನ್ನು ಬೇರೆಯವರು ಹೇಳಿ ಮುಗಿಸಬೇಕು. ಗ್ರೆಗರಿ ಎಲ್ಲಿದ್ದರೂ ಅದನ್ನು ತಪ್ಪಿಸುವವನಲ್ಲ. "ನಿಯಮ ಉಂಟಲ್ಲ, ಮನಸ್ಸಿನಲ್ಲೇ ಹೇಳು," ಎಂದೆ. ತಲೆಯಾಡಿಸಿ, ಮಣಿ ಹಿಡಿದು ಮಂಚದ ಮೇಲೆ ಕೂತ. ಕೆಲವು ಮಣಿ ಜರಗಿದವು. ಆಮೇಲೆ ಬೆರಳು ನಿಂತಿತು.

"ಆಗುದಿಲ್ಲ ಮಾರಾಯ," ಎಂದ. ಕಣ್ಣಲ್ಲಿ ನೀರಿತ್ತು. "ಇಲ್ಲಿ ಅದು ಡಬ್ಬಲ್ ಆಗಿದೆ. ಬೇರೆ ಎಂತ ಸದ್ದೂ ಇಲ್ಲ ಅಲ್ವಾ, ಅದೊಂದೇ ಕೇಳ್ತದೆ. ನನ್ನ ತೇರ್ಸ್ ನನಗೇ ಕೇಳುದಿಲ್ಲ. ಇನ್ನು ಎಲ್ಲಿಗೆ ಹೋಗುದು ನಾನು?"

ಐವತ್ತು ವರ್ಷಗಳ ಗೆಳೆತನದಲ್ಲಿ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ಜೀರುಂಡೆಯ ಮೇಲೆ, ಆ ಪಿಸುಗುಟ್ಟುವ ಯಜಮಾನನ ಮೇಲೆ, ಇಡೀ ಊರಿನ ಮೇಲೆ ಕೆಟ್ಟ ಸಿಟ್ಟು ಬಂತು.

"ನೀನು ಹೇಳು. ಗಟ್ಟಿಯಾಗಿ ಹೇಳು," ಎಂದೆ. "ಉಳಿದದ್ದು ನಾನು ಹೇಳ್ತೇನೆ."

ಅವನು ಕಣ್ಣರಳಿಸಿದ. ಆದರೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಜೆಪ್ಪುವಿನ ಬಾಡಿಗೆ ಮನೆಯಲ್ಲಿ ನಾನು ದೀಪದ ಮುಂದೆ ಕೂತು ಮಗ್ಗಿ ಬಾಯಿಪಾಠ ಮಾಡುವಾಗ ಪಾಗಾರದಾಚೆಯಿಂದ ದಿನವೂ ಕೇಳುತ್ತಿದ್ದದ್ದು ಅದೇ. ಮಗ್ಗಿ ಎಷ್ಟೋ ಮರೆತುಹೋಗಿದೆ, ಅದು ಮರೆತಿಲ್ಲ. ಆ ಕೊಂಕಣಿಯ ಅರ್ಧಕ್ಕರ್ಧ ಪದಗಳ ಅರ್ಥ ನನಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ, ಗ್ರೆಗರಿ ಅರ್ಧ ಹೇಳಿ ನಿಲ್ಲಿಸಿದ ಕೂಡಲೇ ನನ್ನ ಗಂಟಲಿನಿಂದ ಉಳಿದರ್ಧ ಹೊರಟಿತು, ಹಿಂದಿನ ಬೆಂಚಿಗೂ ಕೇಳಿಸುವ ಕ್ಲಾಸಿನ ಧ್ವನಿಯಲ್ಲಿ. ಅವನ ಧ್ವನಿಯೂ ಏರಿತು. ನಡುವೆ ಬಿಡುವು ಸಿಗದಂತೆ ಒಬ್ಬರ ಮಾತಿನ ಬಾಲವನ್ನು ಇನ್ನೊಬ್ಬರು ಹಿಡಿದೆವು.

ಯಾರೋ ಬಾಗಿಲು ಬಡಿದರು. ಯಜಮಾನ. ಅವನ ಹಿಂದೆ ಧ್ಯಾನದ ಹುಡುಗಿ.

"ಸರ್, ಬೇರೆ ಗೆಸ್ಟುಗಳ ಮೌನಕ್ಕೆ ತೊಂದರೆಯಾಗ್ತಿದೆ," ಎಂದು ಅವನು ಪಿಸುಗುಟ್ಟಿದ.

"ಗಟ್ಟಿ ಮಾತಾಡಿ," ಎಂದೆ. "ಇವನಿಗೆ ಕಿವಿಯ ತೊಂದರೆ ಉಂಟು. ಮತ್ತೆ ನಮಗೆ ಇನ್ನೂ ಅರ್ಧ ಮಾಲೆ ಬಾಕಿ ಉಂಟು."

ಪೂರ್ತಿ ಮಾಲೆ ಮುಗಿಸಿಯೇ ಎದ್ದೆವು. ಮರುದಿನ ಬೆಳಗ್ಗೆ ಯಜಮಾನ ಬಹಳ ವಿನಯದಿಂದ ನಮ್ಮನ್ನು ಹೊರಗೆ ಹಾಕಿದ.

ಮಂಗಳೂರಿನ ಬಸ್ಸು ಸಿಕ್ಕಿತು. ಡಕೋಟ ಬಸ್ಸು. ಕಿಟಕಿ ಗಾಜುಗಳೆಲ್ಲ ಗಡಗಡ ಎನ್ನುತ್ತಿದ್ದವು. ಸಿಕ್ಕಿದ್ದು ಎಂಜಿನ್ನಿನ ಪಕ್ಕದ ಸೀಟು, ಮಾತಾಡಿದರೆ ನನ್ನ ಮಾತು ನನಗೇ ಕೇಳದು. ಜಾಗದ ವಿಚಾರ ಮರೆತುಬಿಡು ಎಂದು ಹೇಳಲು ಗ್ರೆಗರಿಯ ಕಡೆ ತಿರುಗಿದರೆ, ಅವನು ಮಲಗಿದ್ದ. ಬಾಯಿ ತೆರೆದುಕೊಂಡು, ಜೊಲ್ಲು ಸುರಿಸಿಕೊಂಡು, ಘಟ್ಟದ ಒಂದೊಂದು ತಿರುವಿಗೂ ನನ್ನ ಹೆಗಲಿಗೆ ತಲೆ ಕುಟ್ಟಿಕೊಂಡು ಅಂಥ ನಿದ್ರೆ. ಹೊರಗಿನ ಸದ್ದು ದೊಡ್ಡದಾದರೆ ಒಳಗಿನದು ಅಡಗುತ್ತದೆ ಎಂದು ಹೊಳೆದದ್ದು ಆಗ. ಇಷ್ಟು ಸಣ್ಣ ಸಂಗತಿ, ಕಾಲೇಜಿನಲ್ಲಿ ಪಾಠ ಹೇಳಿದ ನನಗೂ ಹೊಳೆದಿರಲಿಲ್ಲ, ಆಯುಷ್ಯವೆಲ್ಲ ಎಂಜಿನ್ ಜೊತೆ ಕಳೆದ ಅವನಿಗೂ ಹೊಳೆದಿರಲಿಲ್ಲ. ಮಂಗಳೂರು ಮುಟ್ಟುವವರೆಗೆ ನಾನು ಹೆಗಲು ಅಲುಗಿಸಲಿಲ್ಲ.

ಮನೆ ಮಾರುವ ಮಾತು ಮತ್ತೆ ಬರಲಿಲ್ಲ. ಲೀನಾಬಾಯಿ ಈಗ ರಾತ್ರಿ ಅವನ ತಲೆಯ ಹತ್ತಿರ ಹಳೆಯದೊಂದು ಟೇಬಲ್ ಫ್ಯಾನ್ ಇಡುತ್ತಾರೆ, ಗಾಳಿಗಲ್ಲ, ಗರಗರ ಸದ್ದಿಗೆ. ಕೆಲವು ರಾತ್ರಿ ಅದು ಸಾಕಾಗುತ್ತದೆ, ಕೆಲವು ರಾತ್ರಿ ಇಲ್ಲ.

ಬ್ಯಾಕ್‌ಪ್ಯಾಕ್ ಗುಜರಿಗೆ ಹೋದ ದಿನವೇ ಗ್ರೆಗರಿ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದ. ಹಿಂದಿನ ರಾತ್ರಿ ನಿದ್ರೆಯಿಲ್ಲದೆ ಕಣ್ಣು ಕೆಂಪಾಗಿತ್ತು. ಪಕ್ಕದ ಮನೆಯಲ್ಲಿ ಹೊಸದಾಗಿ ಟೈಲ್ಸ್ ಹಾಕಿಸುತ್ತಿದ್ದಾರೆ. ಕತ್ತರಿಸುವ ಮಿಷನ್ನಿನ ಸದ್ದು ಹಲ್ಲು ಚುಳ್ಳೆನ್ನಿಸುವಂಥದ್ದು. ಊಟ ಮುಗಿಸಿ ಜಗಲಿಯ ಕುರ್ಚಿಯಲ್ಲಿ ಕೂತ ಗ್ರೆಗರಿ ಆ ಸದ್ದಿನಲ್ಲೇ ಗೊರಕೆ ಹೊಡೆಯತೊಡಗಿದ. ನಾನು ಎದುರಿಗೆ ಕೂತು ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಮಿಷನ್ ನಿಂತಿತು. ಗ್ರೆಗರಿಯ ಹುಬ್ಬು ಗಂಟಿಕ್ಕಿತು, ಕೈ ಮೆಲ್ಲಗೆ ಕಿವಿಯ ಕಡೆ ಹೊರಟಿತು.

ನಾನು ಚಪ್ಪಲಿಯನ್ನೂ ಹಾಕದೆ ಪಾಗಾರದ ಹತ್ತಿರ ಓಡಿದೆ. ನನ್ನನ್ನು ಕಂಡದ್ದೇ ಕೆಲಸದವರ ಮುಖ ಸಪ್ಪಗಾಯಿತು. ನನ್ನ ಕೀರ್ತಿ ಅವರಿಗೂ ಮುಟ್ಟಿರಬೇಕು.

"ಸಾರ್, ಸದ್ದಾಯ್ತಲ್ವಾ? ಚಾ ಕುಡಿದು ಬಂದು ಸ್ವಲ್ಪವೇ ಕೆಲಸ ಇರುದು," ಎಂದ ಅವರಲ್ಲಿ ಹಿರಿಯ.

"ಚಾ ನಾನು ಇಲ್ಲಿಗೇ ತರ್ತೇನೆ ಮಾರಾಯ್ರೆ," ಎಂದೆ. "ಒಬ್ಬರಾದ ಮೇಲೆ ಒಬ್ಬರು ಕುಡಿಯಿರಿ. ಮಿಷನ್ ಮಾತ್ರ ನಿಲ್ಲಿಸ್ಬೇಡಿ."