ಅಕ್ಕ ತಟ್ಟಿದ ಚಪ್ಪಾಳೆ

ನಮ್ಮಕ್ಕನಿಗೆ ಇನ್ನೊಬ್ಬರ ಮಾತು ಕೇಳುವ ಜಾಯಮಾನವೇ ಇಲ್ಲ. ವಿಜ್ಞಾನ ಪಾಠ ಮಾಡುವವಳಿಗೆ ನಾಟಕದ ಉಸಾಬರಿ ಯಾಕೆ ಎಂದು ನೂರು ಸಲ ಕೇಳಿದ್ದೆ. "ನಿನ್ನ ಕೆಲಸ ನೀನು ನೋಡ್ಕೊಳ್ಳೋ" ಎಂದು ನನ್ನ ಬಾಯಿ ಮುಚ್ಚಿಸಿ, ಶನಿವಾರ ಮಧ್ಯಾಹ್ನ ಪ್ರಯೋಗಾಲಯದ ಬೆಂಚುಗಳನ್ನು ಗೋಡೆಗೆ ತಳ್ಳಿ, ಸಹಪಾಠಿಗಳ ಕಾಟಕ್ಕೆ ನಲುಗಿದ ಏಳೆಂಟು ಮಕ್ಕಳನ್ನು ಆಡಿಸುತ್ತಿದ್ದಳು. ಬರೆದ ಮಾತಿಲ್ಲ, ಕಲಿತ ಪಾತ್ರವಿಲ್ಲ. ಆ ಕ್ಷಣಕ್ಕೆ ಹೊಳೆದದ್ದೇ ನಾಟಕ. ನಿಯಮ ಒಂದೇ: ಎದುರಿನವರು ಏನೇ ಹೇಳಲಿ, ಇಲ್ಲ ಅನ್ನಬಾರದು. ಒಪ್ಪಿಕೊಂಡು ಕಥೆ ಬೆಳೆಸಬೇಕು.

ಒಂಬತ್ತನೇ ತರಗತಿಯ ಒಬ್ಬ ಹುಡುಗಿಗೆ, ತೊದಲುತ್ತಾಳೆಂದು, 'ಕೆಟ್ಟೋದ ರೇಡಿಯೋ' ಎಂದು ಹೆಸರಿಟ್ಟಿದ್ದರು. ಎರಡು ತಿಂಗಳು ಮೂಲೆ ಬಿಟ್ಟು ಏಳದವಳು ಒಂದು ಶನಿವಾರ ಬಸ್ ಕಂಡಕ್ಟರಾಗಿ, "ಎ... ಎದ್ದೇಳಿ ಮೇಡಂ, ಇದು ವಯಸ್ಸಾದವರ ಸೀಟು" ಎಂದು ಅಕ್ಕನಿಗೇ ಗದರಿದಳು. ಅವತ್ತು ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಇನ್ನೆರಡು ವಾರ, ಕ್ಲಾಸಲ್ಲೂ ಮಾತಾಡ್ತಾಳೆ ನೋಡು" ಎಂದಳು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಆ ಅವಸರಕ್ಕೆ, ಹುಡುಗಿಯನ್ನು ಕಾಡುತ್ತಿದ್ದ ಮೂವರನ್ನೂ ಆಟಕ್ಕೆ ಕರೆದಳು.

"ಹಾವಿಗೆ ಹಾಲೆರೀತಿದ್ದೀಯ" ಎಂದೆ.

"ಅವೂ ಮಕ್ಕಳು ಕಣೋ, ಹಾವಲ್ಲ."

ಆ ಮೂವರಲ್ಲೊಬ್ಬಳು ಅಂಗಡಿಯವಳಾಗಿ, "ಈ ರೇಡಿಯೋ ಕೆಟ್ಟೋಗಿದೆ, ಕಸಕ್ಕೆ ಹಾಕ್ಲಾ?" ಎಂದಳಂತೆ. ಹುಡುಗಿ ಅಕ್ಕನ ಮುಖ ನೋಡಿದಳು. ಏನಾದರೂ ತಿರುಗೇಟು ಕೊಟ್ಟಾಳೆಂದು ಅಕ್ಕ ಸುಮ್ಮನೆ ಕಾದಳು. ಹುಡುಗಿ ನಿಯಮ ಮುರಿಯಲಿಲ್ಲ. "ಹೌದು, ಹಾ... ಹಾಕಿ" ಎಂದು ತಾನೇ ಹೋಗಿ ಕಸದ ಬುಟ್ಟಿಯ ಪಕ್ಕ ಮುದುಡಿ ಕೂತಳು. ಎಲ್ಲರೂ ನಕ್ಕರು. ಪ್ರತಿ ಆಟದ ಕೊನೆಗೂ ಚಪ್ಪಾಳೆ ತಟ್ಟಿ ರೂಢಿಯಾಗಿದ್ದ ನಮ್ಮ ಮಹರಾಯ್ತಿ ಅವತ್ತೂ ತಟ್ಟಿಬಿಟ್ಟಳು.

ಸೋಮವಾರದಿಂದ ಅದೇ ಆಟ ಮೆಟ್ಟಿಲ ಮೇಲೆ, ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ ನಡೆಯಿತು. ಇಲ್ಲ ಅನ್ನಬಾರದಲ್ಲ, ಟೀಚರೇ ಹೇಳಿದ್ದಾರೆ! ಹದಿನೈದು ದಿನಕ್ಕೆ ಹುಡುಗಿ ಶಾಲೆ ಬಿಟ್ಟಳು.

ಅಕ್ಕ ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದಳು. ಹುಡುಗಿಯ ತಾಯಿ ಬೈಯಲೂ ಇಲ್ಲ, ಕುರ್ಚಿ ಕೊಟ್ಟು, ಮಗಳನ್ನು ಕರೆದು ಒಳಗೆ ಹೋದರು.

"ತಪ್ಪು ನಂದು ಕಣಮ್ಮ, ಅವತ್ತೇ ಆಟ ನಿಲ್ಲಿಸ್ಬೇಕಿತ್ತು" ಎಂದಳು ಅಕ್ಕ.

"ನಾ... ನಾನೇ ಸರಿಯಾಗಿ ಆಡ್ಲಿಲ್ಲ ಟೀಚರ್" ಎಂದಳು ಹುಡುಗಿ. "ಎಲ್ರೂ ನಕ್ಕಾಗ ಅಳು ಬಂದ್ಬಿಡ್ತು. ಇ... ಇನ್ನೊಂದ್ಸಲ ಸೇರಿಸ್ಕೊಂಡ್ರೆ ಅಳಲ್ಲ."

ಅಕ್ಕ ಆ ಕುರ್ಚಿಯಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಅದಕ್ಕೂ ಹುಡುಗಿಯೇ ಕ್ಷಮೆ ಕೇಳಿದಳು.