ಅಡುಗೆಮನೆಯ ಬಾಗಿಲು ಹೊರಕ್ಕೆ ತಿರುಗಿದ್ದು

ಕಾಮಗೆರೆಯಿಂದ ಒಳಕ್ಕೆ ಹೋಗುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಆಗ ವಿಜ್ಞಾನದ ಮೇಷ್ಟ್ರಾಗಿದ್ದೆ. ಕೊಳ್ಳೇಗಾಲದಿಂದ ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದೆ. ಆ ವರ್ಷ ಕೊಳ್ಳೇಗಾಲದಲ್ಲಿ ಮಕ್ಕಳಿಗೆ ವಿಜ್ಞಾನ ಭಾಷಣ ಸ್ಪರ್ಧೆ ಇಟ್ಟಿದ್ದರು. ವಿಷಯ, ಮನುಷ್ಯರ ಬಾಹ್ಯಾಕಾಶ ಯಾನದ ಇತಿಹಾಸ ಮತ್ತು ಮುಂದೆ ಹೋಗುವವರಿಗೆ ಅದರ ಪಾಠ. ನಮ್ಮ ದೇಶವೂ ತನ್ನದೇ ರಾಕೆಟ್ಟಿನಲ್ಲಿ ಮನುಷ್ಯರನ್ನು ಕಳಿಸಲು ತಯಾರಾಗುತ್ತಿದ್ದ ಕಾಲವಾದ್ದರಿಂದ ಪೇಪರಿನಲ್ಲೆಲ್ಲ ಅದೇ ಮಾತು.

ನಾನು ಆರಿಸಿದ್ದು ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿಯನ್ನು. ಗಂಟಲು ದೊಡ್ಡದು, ಹೆದರಿಕೆ ಇಲ್ಲ. ಮೊದಲ ದಿನ ಅವಳು ಬಾಯಿಪಾಠ ಮಾಡಿಕೊಂಡು ಬಂದದ್ದು ಮೊದಲು ಹೋದವರು ಯಾರು, ಚಂದ್ರನ ಮೇಲೆ ಮೊದಲು ಕಾಲಿಟ್ಟವರು ಯಾರು ಅನ್ನುವ ಪಟ್ಟಿ.

"ಚೆನ್ನಾಗಿದೆ ಕಣವ್ವ. ಆದರೆ ಇದರಲ್ಲಿ ಪಾಠ ಎಲ್ಲಿದೆ?" ಅಂದೆ. "ಗೆದ್ದ ಕಥೆ ಎಲ್ಲರೂ ಹೇಳ್ತಾರೆ. ಕೆಟ್ಟುಹೋದದ್ದು ಯಾಕೆ ಅಂತ ನೋಡೋಣ."

ದಿನಾ ಮಧ್ಯಾಹ್ನ ಊಟದ ಗಂಟೆಗೆ ಮುಂಚೆ ಜಗಲಿಯಲ್ಲಿ ಅಭ್ಯಾಸ. ಪಕ್ಕದಲ್ಲೇ ಬಿಸಿಯೂಟದ ಅಡುಗೆಮನೆ. ಅಡುಗೆಯ ಅಕ್ಕ ಕಿಟಕಿ ಹತ್ತಿರ ಸೊಪ್ಪು ಸೋಸುತ್ತಾ ಕೇಳಿಸಿಕೊಳ್ಳುತ್ತಿದ್ದರು. ಅವರ ತೌರು ತಮಿಳುನಾಡು ಗಡಿಯ ಪಾಲಾರ್ ಕಡೆ. ಮಾತೆಲ್ಲ ನಮ್ಮದೇ, ಸಿಟ್ಟೋ ಗಾಬರಿಯೋ ಆದರೆ ಮಾತ್ರ ತಮಿಳು.

ಚಂದ್ರನಿಗೆ ಹೋಗಲು ತಯಾರಾಗಿದ್ದ ಮೂರು ಜನ ನೆಲದ ಮೇಲೇ, ಬರೀ ಅಭ್ಯಾಸದ ದಿನ, ಕ್ಯಾಬಿನ್ನಿನಲ್ಲಿ ಬೆಂಕಿ ಹತ್ತಿ ಸತ್ತದ್ದನ್ನು ನಾನು ಹುಡುಗಿಗೆ ವಿವರಿಸಿದೆ. ಒಳಗೆ ತುಂಬಿದ್ದದ್ದು ಬರೀ ಆಮ್ಲಜನಕ. ಬಾಗಿಲು ಒಳಕ್ಕೆ ತೆಗೆಯುವಂಥದ್ದು. ಒಳಗಿನ ಒತ್ತಡಕ್ಕೆ ಅದು ಜಗ್ಗಲೇ ಇಲ್ಲ.

"ಬಾಗಲು ಅಂಗದೆ ಅಂತ ಯಾರೂ ನೋಡಿರ್ನಿಲ್ವಾ ಸಾ?" ಅಂದಳು ಹುಡುಗಿ.

"ನೋಡಿದ್ದರು. ಅಲ್ಲಿವರೆಗೆ ಏನೂ ಆಗಿರಲಿಲ್ಲ, ಅಷ್ಟೇ. ಆಮೇಲೆ ಬೇಗ ಹೊರಕ್ಕೆ ತೆಗೆಯೋ ಬಾಗಿಲು ಮಾಡಿದರು."

ಕಿಟಕಿಯಿಂದ ಅಕ್ಕ ಅಂದರು: "ನಮ್ ಅಡ್ಗೆಮನೆ ಬಾಗ್ಲೂ ಒಳಕ್ಕೇ ತಗಿಯೋದು ಕಣ್ಸಾ. ಅದ್ರ ಇಂದ್ಗಡೆ ಅಕ್ಕಿ ಮೂಟೆ ಬ್ಯಾರೆ. ಅಡ್ಡ ತಿರುಗ್ಕಂಡು ಓಯ್ತೀವಿ, ಬತ್ತೀವಿ."

ನಾನು ನಕ್ಕೆ. "ಅದೇನು ರಾಕೆಟ್ಟಾ ಅಕ್ಕ? ಅನ್ನ ಬೇಯಿಸೋ ಜಾಗ."

ಅವರು ಸೊಪ್ಪು ತಕಂಡು ಒಲೆ ಕಡೆ ಹೋದರು.

ಮುಂದಿನ ವಾರ ಇನ್ನೊಂದು ದುರಂತಕ್ಕೆ ಬಂದೆವು. ಕೊರೆಯುವ ಚಳಿಯ ಬೆಳಗ್ಗೆ ಹಾರಿದ ನೌಕೆ ಒಂದು ನಿಮಿಷ ದಾಟುವಷ್ಟರಲ್ಲಿ ಸಿಡಿದು ಏಳು ಜನ ಹೋದರು. ಅದರಲ್ಲಿ ಒಬ್ಬರು ಶಾಲೆಯ ಮೇಡಂ. ರಾಕೆಟ್ಟಿನ ಜೋಡಣೆಗಳಲ್ಲಿ ಚಳಿಗೆ ಬಿರುಸಾದ ರಬ್ಬರ್ ಉಂಗುರಗಳ ಸಂದಿನಿಂದ ಬೆಂಕಿ ಹೊರಬಂದಿತ್ತು. ಅದನ್ನು ಬಲ್ಲ ಎಂಜಿನಿಯರುಗಳು ಹಿಂದಿನ ಸಂಜೆಯೇ ಬೇಡ ಅಂದಿದ್ದರು. ಮೇಲಿನವರು ಕೇಳಲಿಲ್ಲ.

ಹುಡುಗಿ ನಿಂತು ಗಟ್ಟಿಯಾಗಿ ಹೇಳಿದಳು: "ಆದ್ದರಿಂದ ಮುಂದಿನ ಯಾನಿಗಳಿಗೆ ಮೊದಲ ಪಾಠ, ಕೆಲಸ ಬಲ್ಲವರು ಬೇಡ ಅಂದಾಗ ನಿಲ್ಲಿಸಬೇಕು."

ಆಗಲೇ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಜಗಲಿಗೆ ಬಂದರು. "ಸಾ, ಗ್ಯಾಸ್ ವಾಸ್ನೆ ಬತ್ತದೆ. ವಾಷರ್ರು ಬಿರುಕು ಬುಟ್ಟದೆ. ಮೂರ್ ಸಲ ಯೋಳಿವ್ನಿ."

"ನಾಳೆ ನೋಡೋಣ ಅಕ್ಕ" ಅನ್ನುವ ಮಾತು ನನ್ನ ಬಾಯಿಗೆ ಬಂದೇಬಿಟ್ಟಿತ್ತು. ಹುಡುಗಿ ಭಾಷಣ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನೇರ ಎದ್ದು ಹೆಡ್ ಮೇಡಂ ರೂಮಿಗೆ ಹೋದೆ.

ಮೇಡಂ ಮೊದಲು ಅರ್ಜಿ, ಪಂಚಾಯ್ತಿ, ಅನುಮತಿ ಅಂದರು. ನಾನು ಅವರನ್ನು ಅಡುಗೆಮನೆಗೇ ಕರೆದುಕೊಂಡು ಹೋದೆ. ಬಾಗಿಲು ಅರ್ಧಕ್ಕೇ ನಿಂತಿತು. ಅವರು ನನಗಿಂತ ದಪ್ಪ, ಒಳಗೆ ಹೋಗಲಾಗಲಿಲ್ಲ. ಹೊರಗೇ ನಿಂತು, "ಅರ್ಜಿ ಆಮೇಲೆ ಬರೆಯೋಣ. ಬಡಗಿ ಕರೆಸಿ ಮೇಷ್ಟ್ರೇ" ಅಂದರು.

ಶನಿವಾರ ಕಾಮಗೆರೆಯ ಬಡಗಿ ಬಂದು ಬಾಗಿಲು ಕಿತ್ತು, ಹೊರಕ್ಕೆ ತೆಗೆಯುವ ಹಾಗೆ ಕೂರಿಸಿದ. ಅಕ್ಕಿ ಮೂಟೆಗಳು ಸ್ಟಾಫ್ ರೂಮಿಗೆ ಬಂದವು. ಸಿಲಿಂಡರನ್ನು ಬಾಗಿಲ ಪಕ್ಕಕ್ಕೆ ಇಟ್ಟರು. ಗ್ಯಾಸಿನವನು ಬಂದು ವಾಷರ್, ರೆಗ್ಯುಲೇಟರ್ ಬದಲಿಸಿದ. ಟ್ಯೂಬ್ ಇನ್ನೂ ಗಟ್ಟಿ ಇದೆ ಅಂತ ಬಿಟ್ಟ. ನಾನೂ ಸರಿ ಅಂದೆ. ಅಷ್ಟು ಪಾಠ ಹೇಳಿದವನು ಅದೊಂದನ್ನೂ ಬದಲಿಸು ಅಂತ ಹೇಳಲಿಲ್ಲ.

ಹದಿನೈದು ದಿನ ಕಳೆದಿರಬಹುದು. ನಾನು ಹತ್ತನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಮಸೂರ ಬರೆಯುತ್ತಿದ್ದೆ. ಅಡುಗೆಮನೆಯಿಂದ ಅಕ್ಕನ ಕೂಗು: "ವೆಳಿಯೆ ವಾ! ವೆಳಿಯೆ ವಾ!"

ಹೊರಗೆ ಬಾ ಅಂತ ಅವರು ತಮಿಳಿನಲ್ಲಿ ಕೂಗಿದರೆಂದರೆ ಸಾಮಾನ್ಯದ್ದಲ್ಲ. ಓಡಿ ಬಂದೆ. ಟ್ಯೂಬ್ ಒಲೆಯ ತುದಿಯಲ್ಲಿ ಕಳಚಿಕೊಂಡು ಬೆಂಕಿ ಎದ್ದಿತ್ತು. ಕಿಟಕಿಯಿಂದ ಹೊಗೆ. ಅಷ್ಟರಲ್ಲಿ ಬಾಗಿಲು ದಢಾರನೆ ಹೊರಕ್ಕೆ ತೆಗೆದುಕೊಂಡಿತು. ಅಕ್ಕ, ಅವರ ಜೊತೆ ಅಡುಗೆ ಮಾಡುತ್ತಿದ್ದ ವಯಸ್ಸಾದ ಹೆಂಗಸು, ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡೇ ಅಂಗಳಕ್ಕೆ ಬಿದ್ದರು.

"ಸಿಲಿಂಡರ್?" ಅಂತ ಕಿರುಚಿದೆ.

"ಬತ್ತಾ ರೆಗ್ಯುಲೇಟ್ರು ತಿರುಗ್ಸ್‌ಬುಟ್ಟೆ ಸಾ. ಬಾಗ್ಲತ್ರಲೇ ಇತ್ತಲ್ಲ!"

ಒಳಗೆ ಉರಿಯುತ್ತಿದ್ದದ್ದು ಗೋಣಿಚೀಲ ಮತ್ತು ಒಂದು ಪ್ಲಾಸ್ಟಿಕ್ ಡಬ್ಬ. ಮರಳು, ಬಿಂದಿಗೆ ನೀರು ಎರಚಿ ಆರಿಸಿದೆವು. ಮೇಡಂ ಮಕ್ಕಳನ್ನೆಲ್ಲ ಆಟದ ಮೈದಾನಕ್ಕೆ ಸಾಗಿಸಿ ಎರಡು ಸಲ ಎಣಿಸಿದರು. ಎಲ್ಲರೂ ಇದ್ದರು.

ಅಕ್ಕನ ಹುಬ್ಬು ಸೀದಿತ್ತು, ಸೀರೆಯ ಅಂಚು ಕರಿ ಹತ್ತಿತ್ತು. ಅಷ್ಟೇ. ಬೇವಿನ ಮರದ ಕೆಳಗೆ ಕೂತು ನೀರು ಕುಡಿದು, "ಉಬ್ಬಿಲ್ದೆ ಎಂಗ್ ಕಾಣ್ತೀನಿ ನೋಡವ್ವ" ಅಂತ ಜೊತೆಯವರನ್ನು ಕೇಳಿದರು. ಆ ಮುದುಕಿ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ನಾನೂ ಅಲ್ಲೇ ನೆಲದ ಮೇಲೆ ಕೂತೆ. ಕಣ್ಣಲ್ಲಿ ನೀರು ಬಂತು. ನನ್ನಿಂದ ತಪ್ಪಾಯ್ತು, ಆವತ್ತು ಬಾಗಿಲ ಮಾತಿಗೆ ನಗಬಾರದಿತ್ತು ಅಕ್ಕ ಅಂದೆ.

"ಓಗ್ಲಿ ಬುಡಿ ಸಾ, ಆಮ್ಯಾಕೆ ಮಾಡುಸ್ದ್ರಲ್ಲ" ಅಂದರು.

ಆ ದಿನ ಮಕ್ಕಳಿಗೆ ಬಾಳೆಹಣ್ಣು, ಬನ್ನು. ಮಾರನೇ ದಿನವೇ ಟ್ಯೂಬ್ ಹೊಸದಾಯಿತು.

ಸ್ಪರ್ಧೆಯಲ್ಲಿ ಹುಡುಗಿಗೆ ಎರಡನೇ ಬಹುಮಾನ ಬಂತು. ತೀರ್ಪುಗಾರರೊಬ್ಬರು, "ಮಂಗಳಕ್ಕೆ ಹೋಗುವವರಿಗೆ ನಿನ್ನ ಪಾಠ ಸಾಕಾ? ಅಲ್ಲಿಂದ ತಿಂಗಳುಗಟ್ಟಲೆ ವಾಪಸ್ ಬರೋಕೇ ಆಗಲ್ಲವಲ್ಲ?" ಅಂತ ಕೇಳಿದರು. ಅವಳು "ಸಾಕಾಗಲ್ಲ ಸಾ. ಅದಕ್ಕೇ ಇನ್ನೂ ನಿಧಾನಕ್ಕೆ ಓಗ್ಬೇಕು" ಅಂದಳು. ಬರೆದುಕೊಟ್ಟ ಭಾಷಣದಲ್ಲಿ ಆ ಮಾತು ಇರಲಿಲ್ಲ.

ಈಗ ನಾನಿರುವುದು ಯಳಂದೂರಿನಲ್ಲಿ. ನಮ್ಮವರ ಯಾನ ಮತ್ತೆ ಮುಂದಕ್ಕೆ ಹೋಯಿತು, ಇನ್ನೊಂದು ಪರೀಕ್ಷೆ ಮಾಡುತ್ತಾರಂತೆ ಅಂತ ಸುದ್ದಿ ಬಂದಾಗಲೆಲ್ಲ ಟೀ ಅಂಗಡಿಯಲ್ಲಿ ಯಾರಾದರೂ ಗೊಣಗುತ್ತಾರೆ. ನಾನು ಗೊಣಗುವುದಿಲ್ಲ. ಯಾರೋ ಬೇಡ ಅಂದಿದ್ದಾರೆ, ಯಾರೋ ಕೇಳಿಸಿಕೊಂಡಿದ್ದಾರೆ ಅಂತ ಸಮಾಧಾನವಾಗಿ, ಟೀ ಮುಗಿಸಿ ಸ್ಕೂಲಿಗೆ ಹೊರಡುತ್ತೇನೆ.