ಹನ್ನೊಂದನೆಯ ಹೆಜ್ಜೆ ನಿಂಗಯ್ಯನದು

ಭಾನುವಾರ ಬೆಳಗಿನ ಐದೂವರೆ. ಹಾಲಿನವರ ಸೈಕಲ್ಲು ಬಿಟ್ಟರೆ ಮೈಸೂರಿನಲ್ಲಿ ಇನ್ನಾವ ಸದ್ದೂ ಇಲ್ಲ. ನಾಟಕ ಕಂಪನಿಯ ತಗಡಿನ ಥಿಯೇಟರಿನಲ್ಲಿ, ಪರದೆಯ ಹಿಂದೆ, ಐವತ್ತೆರಡು ವರ್ಷದ ನಿಂಗಯ್ಯ ಪಂಚೆ ಎತ್ತಿ ಕಟ್ಟಿ ಹಳೆಯ ಹಲಗೆಯೊಂದರ ಮೇಲೆ ನಿಂತಿದ್ದಾರೆ. ಬಲಗಾಲಿಗೆ ಚರ್ಮದ ಎಕ್ಕಡ, ಎಡಗಾಲು ಬರಿಗಾಲು. ಟಪ್ ಎಂದು ಒಂದು ಹೆಜ್ಜೆ, ಎಳೆದ ಹಾಗೆ ಇನ್ನೊಂದು. ಥಂಡಿಗೆ ಹಲಗೆ ಉಬ್ಬಿದರೆ ಸದ್ದು ಮಂಕಾಗುತ್ತದೆ. ಅದಕ್ಕೇ ಆಟವಿರುವ ದಿನವೆಲ್ಲ ಕುಂಬಾರಕೊಪ್ಪಲಿನಿಂದ ನಸುಕಿನಲ್ಲೇ ನಡೆದು ಬಂದು ತುಳಿದು ನೋಡುತ್ತಾರೆ.

ಇದು ‘ಮಹಡಿಯ ಹೆಜ್ಜೆ’ ಎಂಬ ಪತ್ತೇದಾರಿ ನಾಟಕದ ಕೊಲೆಗಾರನ ನಡಿಗೆ. ಕೊನೆಯ ದೃಶ್ಯದವರೆಗೂ ಅವನು ಯಾರೆಂದು ಗೊತ್ತಾಗುವುದಿಲ್ಲ. ನಾಯಕಿ ಲಾಂದ್ರ ಹಿಡಿದು ಒಬ್ಬಳೇ ನಿಂತಿರುತ್ತಾಳೆ, ಮಹಡಿಯಿಂದ ಕುಂಟುಗಾಲಿನ ಹನ್ನೊಂದು ಹೆಜ್ಜೆಯ ಸದ್ದು ಇಳಿಯುತ್ತದೆ, ಅಷ್ಟೆ. ಹತ್ತೊಂಬತ್ತು ವರ್ಷದಿಂದ, ಸಾವಿರದ ನಾನೂರು ಆಟಗಳಲ್ಲಿ, ಆ ಹೆಜ್ಜೆ ನಿಂಗಯ್ಯನವರದು. ಒಂದೇ ಮಾತಾಡುವ ಪೋಸ್ಟ್‌ಮ್ಯಾನ್ ಪಾತ್ರದವನ ಹೆಸರೂ ಕರಪತ್ರದಲ್ಲಿದೆ, ಇವರದಿಲ್ಲ.

“ಹತ್ತು ಹೆಜ್ಜೆ ಯಾರು ಬೇಕಾದ್ರೂ ಇಡ್ಬೋದು ಕಣ್ರೀ,” ಎನ್ನುತ್ತಾರೆ. “ಹನ್ನೊಂದನೇದು ಐತಲ್ಲ, ಅದು ನಮ್ಮ ಕೈಲಿಲ್ಲ. ಕಾಲೆತ್ಕೊಂಡು ನಿಂತ್ಕಬೇಕು. ಜನ ಕೆಮ್ಮೋದು ನಿಲ್ಲೋಗಂಟ ಕಾಯ್ಬೇಕು. ಎಲ್ಲಾರೂ ಉಸ್ರು ಬಿಗಿ ಹಿಡುದ್ರು ಅಂದ್ಮೇಲೇ ಮಡಗ್ಬೇಕು.”

ಹೀಗೆ ಒಂಟಿಕಾಲಲ್ಲಿ ನಿಂತು ನಿಂತು ಎಡ ಮಂಡಿ ಹಾಳಾಗಿದೆ. ಹೆಂಡತಿ ಕೆಂಚಮ್ಮ ಆಟ ಮುಗಿದ ಮೇಲೆಲ್ಲ ಹರಳೆಣ್ಣೆ ಕಾಯಿಸಿ ತಿಕ್ಕುತ್ತಾರೆ. ಹಿಂದೆ ಪೆಟ್ಟಿಗೆ ಹೊರಲು ಬಂದು ಸೇರಿದ ಹಳ್ಳಿಯ ಹುಡುಗ ನಿಂಗಯ್ಯನಿಗೆ ಕಂಪನಿ ಕೊಟ್ಟ ಬಡ್ತಿ ಈ ಹೆಜ್ಜೆಯೊಂದೇ.

ಹೋದ ವರ್ಷ ಈ ನಾಟಕವನ್ನು ಸಿನಿಮಾ ಮಾಡಲು ಹೊರಟವರು ನಿಂಗಯ್ಯನವರನ್ನು ಹುಡುಕಿಕೊಂಡು ಬಂದರು. ಸ್ಟುಡಿಯೋಗೆ ಕಾರಿನಲ್ಲೇ ಕರೆದುಕೊಂಡು ಹೋದರು. ಕಂಬಳಿ ಹೊದಿಸಿದ ಕೋಣೆ, ಎದುರಿಗೆ ಮೈಕು. ಹತ್ತು ಹೆಜ್ಜೆ ಇಟ್ಟ ನಿಂಗಯ್ಯ ಬಲಗಾಲೆತ್ತಿ ನಿಂತರು. ನಿಂತೇ ಇದ್ದರು. ಅಲ್ಲಿ ಕೆಮ್ಮುವವರೂ ಇಲ್ಲ, ಕೆಮ್ಮು ನಿಲ್ಲಿಸುವವರೂ ಇಲ್ಲ. ಕಾಲು ಯಾವಾಗ ಇಳಿಸಬೇಕೆಂದು ಹೇಗೆ ತಿಳಿಯಬೇಕು? ಮೂರು ಸಲ ಹೀಗೇ ಆಯಿತು. ಫಿಲಂ ಸುತ್ತಿ ಸುತ್ತಿ ವ್ಯರ್ಥವಾಯಿತೆಂದು ಡೈರೆಕ್ಟರು ತಲೆ ಚಚ್ಚಿಕೊಂಡರು. “ಯಾರಾದ್ರೂ ಒಸಿ ಕೆಮ್ಮಿ ಸ್ವಾಮಿ ಅಂದೆ,” ಎಂದು ನಿಂಗಯ್ಯ ಈಗ ನಗುತ್ತಾರೆ. “ಮನೆಗೆ ಹೋಗಯ್ಯ ಅಂದ್ಬುಟ್ರು.” ಬರುವಾಗ ಕಾರಿರಲಿಲ್ಲ.

ಚಿತ್ರ ಬಂತು. ಊರಿಗೆ ಊರೇ ಮುಗಿಬಿದ್ದು ನೋಡಿತು, ಆಕಳಿಸುತ್ತ ಹೊರಗೆ ಬಂತು. ಆರು ಹಾಡು, ಒಂದು ಮಾವಿನ ತೋಪು. ಕೊಲೆಗಾರ ನಾಯಕಿಯ ಭಾವನೇ ಎಂಬುದನ್ನು ಎರಡನೆಯ ರೀಲಿನಲ್ಲೇ ತೋರಿಸಿ ಕೈತೊಳೆದುಕೊಂಡಿದ್ದರು. ಹೆಜ್ಜೆಯ ಸದ್ದಂತೂ ಊಟಕ್ಕೆ ಕರೆದಾಗ ಇಳಿದು ಬರುವವನದು. ಎರಡೇ ವಾರಕ್ಕೆ ಚಿತ್ರ ಎತ್ತಂಗಡಿಯಾಯಿತು. ಆದರೆ ಅಷ್ಟರಲ್ಲಿ ಹತ್ತೊಂಬತ್ತು ವರ್ಷ ಕಾಪಾಡಿದ ಗುಟ್ಟು ಬೀದಿಪಾಲಾಗಿತ್ತು. ನಾಟಕಕ್ಕೆ ಜನ ಬರುವುದು ನಿಂತಿತು. ಹೊಟ್ಟೆ ಉರಿಯುವ ಸಂಗತಿ ಇದು. ನಿಂಗಯ್ಯ ಮಾತ್ರ ಯಾರನ್ನೂ ಬೈಯುವುದಿಲ್ಲ.

ಕಂಪನಿಯ ಯಜಮಾನರು ಏಕಾಂತಯ್ಯನವರು. “ಈ ಭಾನುವಾರ ಮ್ಯಾಟಿನಿಗೆ ಅರ್ಧವಾದರೂ ತುಂಬದಿದ್ದರೆ ಆಟ ನಿಲ್ಲಿಸೋಣ ನಿಂಗಯ್ಯ,” ಎಂದು ಮೊದಲೇ ಹೇಳಿದ್ದಾರೆ. ಆಮೇಲೆ ಹಾಸ್ಯ ನಾಟಕ. ಅದರಲ್ಲಿ ಹೆಜ್ಜೆಗೆ ಕೆಲಸವಿಲ್ಲ. ಈ ವಯಸ್ಸಿನಲ್ಲಿ, ಈ ಮಂಡಿಯಲ್ಲಿ, ನಿಂಗಯ್ಯ ಮತ್ತೆ ಪೆಟ್ಟಿಗೆ ಹೊರಬೇಕು.

ಮಧ್ಯಾಹ್ನ ಮೂರಕ್ಕೆ ಪರದೆ ಏಳುತ್ತದೆ. ಆರು ನೂರು ಜನ ಹಿಡಿಯುವ ಥಿಯೇಟರಿನಲ್ಲಿ ನೂರ ಮೂವತ್ತು ತಲೆ. ನಾಯಕಿ ಪ್ರೇಮಲೀಲಾ ಲಾಂದ್ರ ಹಿಡಿದು ಬರುತ್ತಲೇ ಬೆಂಚಿನಿಂದ ಯಾರೋ ಕೂಗುತ್ತಾರೆ: “ಭಾವಾ, ಬಿರ್‍ರನೆ ಇಳ್ದು ಬಾರೋ!” ನಗೆ ಏಳುತ್ತದೆ.

ಪರದೆಯ ಹಿಂದೆ ನಿಂಗಯ್ಯ ಹತ್ತು ಹೆಜ್ಜೆ ಇಟ್ಟು ಬಲಗಾಲೆತ್ತುತ್ತಾರೆ. ಅಲ್ಲೊಂದು ಕೆಮ್ಮು, ಇಲ್ಲೊಂದು ಕಡಲೆಕಾಯಿ ಸುಲಿಯುವ ಸದ್ದು. ಕಾಯುತ್ತಾರೆ. ಮಂಡಿ ನಡುಗುತ್ತದೆ, ಕಾಲು ಇಳಿಸುವುದಿಲ್ಲ. ಮುಂದೇನೆಂದು ತೋಚದ ಪ್ರೇಮಲೀಲಾ ಲಾಂದ್ರವನ್ನು ಮಹಡಿಯ ಕಡೆ ಎತ್ತುತ್ತಾರೆ. ಮತ್ತೊಮ್ಮೆ ನಗು, ಆಮೇಲೆ ಅರೆಮನಸ್ಸಿನ ನಗು. ಕಡಲೆಕಾಯಿಯ ಸದ್ದು ನಿಲ್ಲುತ್ತದೆ. ಕೊನೆಯ ಕೆಮ್ಮೂ ಗಂಟಲಲ್ಲೇ ಅಡಗುತ್ತದೆ.

ಟಪ್.

ಹೆಂಗಸರ ಕಡೆಯಿಂದ ಒಂದು ಚೀತ್ಕಾರ ಕೇಳಿಸುತ್ತದೆ. ಬೆಂಚಿನವರು ಎದ್ದು ನಿಂತಿದ್ದಾರೆ.

ಆಟ ಮುಗಿದ ಮೇಲೆ ಏಕಾಂತಯ್ಯನವರು ಒಳಗೆ ಬಂದು ನಿಂಗಯ್ಯನವರ ಹೆಗಲ ಮೇಲೆ ಕೈಯಿಡುತ್ತಾರೆ. “ಇವತ್ತಿನಂಥ ಆಟ ನಾನೇ ನೋಡಿರಲಿಲ್ಲ. ಆದರೆ ನೂರ ಮೂವತ್ತೇ ಜನ, ಏನು ಮಾಡಲಿ?” ಬುಧವಾರದಿಂದ ಹಾಸ್ಯ ನಾಟಕ. ಇನ್ನು ಉಪಯೋಗವಿಲ್ಲದ ಆ ಹಲಗೆಯನ್ನು ತಮಗೆ ಕೊಡಿ ಎಂದಷ್ಟೇ ನಿಂಗಯ್ಯ ಕೇಳಿಕೊಳ್ಳುತ್ತಾರೆ. ಹೆಗಲ ಮೇಲೆ ಹೊತ್ತು, ನಿಜವಾಗಿಯೇ ಕುಂಟುತ್ತ, ಕುಂಬಾರಕೊಪ್ಪಲಿನ ದಾರಿ ಹಿಡಿಯುತ್ತಾರೆ.

ಕೆಂಚಮ್ಮ ಎಣ್ಣೆ ತಿಕ್ಕುತ್ತ ಗದರುತ್ತಾರೆ: “ಇಷ್ಟು ಊದ್ಕಂಡೈತಲ್ಲ, ಎಷ್ಟೊತ್ತು ನಿಂತಿದ್ರಿ?”

ನಿಂಗಯ್ಯ ಗೋಡೆಗೊರಗಿಸಿದ ಹಲಗೆಯ ಕಡೆ ನೋಡುತ್ತಾರೆ.

“ಕೊಂದೋನು ಯಾರು ಅಂತ ಅಷ್ಟೂ ಜನಕ್ಕೂ ಗೊತ್ತಿತ್ತು ಕಣಮ್ಮಿ. ಆದ್ರೂ ಒಬ್ರೂ ಕೆಮ್ಮನಿಲ್ಲ.”